ಮಾರುವ ಮುಂಚೆ ಬಣ್ಣ ಹೊಡೆಯೋದಾ, ಬೇಡ್ವಾ? ಒಂದು ಹಳೇ ಟ್ರ್ಯಾಕ್ಟರ್‌ನ ದಿನಚರಿ

ಮೊದಲ ಶನಿವಾರ

ಟ್ರ್ಯಾಕ್ಟರ್ ಮಾರುವುದು ಎಂದು ತೀರ್ಮಾನವಾಗಿದೆ. ಶೆಡ್ಡಿನಲ್ಲಿ ಜಾಗ ಬೇಕು. ಎರಡೆರಡು ಗಾಡಿ ನೋಡಿಕೊಳ್ಳುವಷ್ಟು ಪುರುಸೊತ್ತು ನನಗೂ ಇಲ್ಲ. ಉಳಿದಿರುವುದು ಒಂದೇ ಪ್ರಶ್ನೆ. ಇದ್ದ ಹಾಗೇ ಮಾರುವುದಾ, ಬಣ್ಣ ಹೊಡೆದು ಮಾರುವುದಾ?

ಗಾಡಿ ಮ್ಯಾಸಿ ಫರ್ಗ್ಯೂಸನ್ 35, ನಾಲ್ಕು ಸಿಲಿಂಡರ್ ಡೀಸೆಲ್. ಹಾಗಂತ ನನಗೆ ಕೊಟ್ಟವರು ಹೇಳಿದ್ದರು, ನಾನೂ ಅದನ್ನೇ ಹೇಳಿಕೊಂಡು ಬಂದಿದ್ದೇನೆ. ಬಣ್ಣ ಕೆಂಪು. ಅದೂ ಮರ್ಯಾದೆಗೆ ಹೇಳುವ ಮಾತು. ಬಿಸಿಲು ಬಿದ್ದೂ ಬಿದ್ದೂ ಬಾನೆಟ್ ಗುಲಾಬಿಯಾಗಿದೆ. ಬೆರಳಿನಿಂದ ಉಜ್ಜಿದರೆ ಸುಣ್ಣದ ಪುಡಿ ಹಾಗೆ ಕೈಗೆ ಬರುತ್ತದೆ. ಎಡಗಡೆ ಮಡ್‌ಗಾರ್ಡ್‌ದು ಬೇರೆಯೇ ಕೆಂಪು, ಸ್ವಲ್ಪ ಕಿತ್ತಳೆ ಕಡೆಗೆ ವಾಲಿದೆ. ಮೂತಿಯ ಮೇಲೆ ಹೆಸರಿನ ಬಿಲ್ಲೆ ಇಲ್ಲ, ಅದು ಕೂತಿದ್ದ ತೂತುಗಳು ಮಾತ್ರ ಇವೆ. ಎಂಜಿನ್ ಮತ್ತು ಗೇರ್‌ಬಾಕ್ಸ್ ಬೂದು ಬಣ್ಣ ಇರಬೇಕು. ಎಣ್ಣೆ, ಮಣ್ಣು ಸೇರಿ ಕಟ್ಟಿಕೊಂಡಿರುವ ದಪ್ಪ ಪದರದ ಕೆಳಗೆ ಏನಿದೆ ಅಂತ ಯಾರಿಗೆ ಗೊತ್ತು!

ಒಂದು ಡಬ್ಬಿ ಕೆಂಪು ಸಿಂಥೆಟಿಕ್ ಎನಾಮೆಲ್ ತಂದಾಯ್ತು. ಎರಡು ಭಾನುವಾರ ಸಾಕು ಅಂದುಕೊಂಡಿದ್ದೇನೆ.

ಇವತ್ತು ತೊಳೆಯುವ ಕೆಲಸ ಮಾತ್ರ. ಮೊದಲು ಪುಟ್ಟಿ ಹಚ್ಚುವ ಅಗಲ ಅಲಗಿನಿಂದ ಒಣ ಕೊಳೆಯನ್ನು ಕೆರೆದು ತೆಗೆದೆ. ನೇರವಾಗಿ ನೀರು ಹೊಡೆದರೆ ಅದು ಅಂಟಂಟಾಗಿ ಎಲ್ಲ ಕಡೆ ಹರಡುತ್ತದೆ, ಅಷ್ಟೇ. ಆಮೇಲೆ ಸೀಮೆಎಣ್ಣೆ, ಬ್ರಷ್ಷು. ಕಾಲು ಗಂಟೆ ನೆನೆಯಲು ಬಿಟ್ಟು ಸೋಪು ಹಾಕಿದ ಬಿಸಿನೀರು. ಸೈಲೆನ್ಸರ್ ಬಾಯಿ, ಗಾಳಿ ಎಳೆಯುವ ಬಾಯಿ ಎರಡಕ್ಕೂ ಪ್ಲಾಸ್ಟಿಕ್ ಕಟ್ಟಿದ್ದೆ. ಡೈನಮೊ, ಸ್ಟಾರ್ಟರ್, ರೇಡಿಯೇಟರ್‌ನ ತೆಳು ರೆಕ್ಕೆಗಳು, ಇವುಗಳ ಹತ್ತಿರ ಜೆಟ್ ಒಯ್ಯಲಿಲ್ಲ. ಎಂಜಿನ್ ಬಿಸಿ ಇದ್ದಾಗ ಡೀಸೆಲ್ ಪಂಪಿನ ಮೇಲೆ ತಣ್ಣೀರು ಬೀಳಲೇಬಾರದು. ಒಳಗಿನ ಭಾಗಗಳು ಅಷ್ಟು ಬಿಗಿಯಾಗಿ ಕೂತಿರುತ್ತವೆ, ಹೊರಗಿನದು ತಟ್ಟನೆ ಕುಗ್ಗಿದರೆ ಒಳಗೆ ಹಿಡಿದುಕೊಳ್ಳುತ್ತದೆ. ಇದನ್ನು ಗೊತ್ತಿಲ್ಲದೆ ಮಾಡಿ ಪಂಪ್ ಕಳೆದುಕೊಂಡವರಿದ್ದಾರೆ.

ಸಂಜೆ ಹೊತ್ತಿಗೆ ನಾನೇ ಟ್ರ್ಯಾಕ್ಟರ್‌ಗಿಂತ ಕೊಳಕಾಗಿದ್ದೆ.

ಭಾನುವಾರ

ತೊಳೆದಿದ್ದರ ಮೊದಲ ಲಾಭ: ಎಣ್ಣೆ ಎಲ್ಲಿಂದ ಸೋರುತ್ತಿದೆ ಅಂತ ಈಗ ಕಾಣುತ್ತದೆ. ಒಂದು ಗಂಟೆ ಓಡಿಸಿ, ಕೆಳಗೆ ಹಳೇ ರಟ್ಟು ಹಾಸಿ ನಿಲ್ಲಿಸಿದೆ.

ರಾಕರ್ ಕವರ್, ಅಂದರೆ ಎಂಜಿನ್ ಮೇಲಿನ ಮುಚ್ಚಳ, ಅದರ ಅಂಚಿನಲ್ಲಿ ಒದ್ದೆ. ಅದು ಗ್ಯಾಸ್ಕೆಟ್ (ಸಂದಿಯಲ್ಲಿ ಎಣ್ಣೆ ತಡೆಯುವ ಪಟ್ಟಿ), ಅರ್ಧ ದಿನದ ಕೆಲಸ. ಎರಡನೆಯದು ಸ್ವಲ್ಪ ಯೋಚನೆಗೆ ಹಚ್ಚಿತು. ಎಂಜಿನ್‌ಗೂ ಗೇರ್‌ಬಾಕ್ಸಿಗೂ ನಡುವೆ ಕ್ಲಚ್ ಇರುವ ಗೂಡಿದೆಯಲ್ಲ, ಅದರ ತಳದಲ್ಲಿ ಒಂದು ಸಣ್ಣ ತೂತು, ತೂತಿನಲ್ಲಿ ಒಂದು ಸ್ಪ್ಲಿಟ್ ಪಿನ್ (ಎರಡು ಕಾಲಿನ ಸಣ್ಣ ಕಂಬಿ ಪಿನ್) ಸಡಿಲವಾಗಿ ನೇತಾಡುತ್ತಿರುತ್ತದೆ. ಫರ್ಗ್ಯೂಸನ್ ಗಾಡಿ ಗೊತ್ತಿದ್ದವರು ಕೊಳ್ಳುವ ಮುಂಚೆ ಬಗ್ಗಿ ನೋಡುವ ಜಾಗ ಇದು. ಪಿನ್ ಅಲುಗಾಡುತ್ತಾ ಇದ್ದರೆ ತೂತು ಕಟ್ಟಿಕೊಳ್ಳುವುದಿಲ್ಲ, ಒಳಗೆ ಸೇರಿದ ಎಣ್ಣೆ ಹೊರಗೆ ಬರುತ್ತದೆ. ಬಂದ ಎಣ್ಣೆ ಕಪ್ಪಗಿದ್ದರೆ ಎಂಜಿನ್‌ದು, ಕ್ರ್ಯಾಂಕ್‌ನ ಹಿಂದಿನ ಸೀಲ್ ಸವೆದಿದೆ ಅಂತ. ಹೊಂಬಣ್ಣ ಇದ್ದು ಗೇರ್ ಎಣ್ಣೆಯ ವಾಸನೆ ಬಂದರೆ ಗೇರ್‌ಬಾಕ್ಸ್ ಸೀಲ್.

ನನ್ನದರಲ್ಲಿ ಕಪ್ಪು. ಗಂಟೆಗೆ ಎರಡು ಹನಿ. ವಯಸ್ಸಿಗೆ ತಕ್ಕ ಕಾಯಿಲೆ. ಅದನ್ನು ಸರಿಮಾಡಲು ಗಾಡಿಯನ್ನು ನಡುವಿಗೆ ಎರಡು ಮಾಡಬೇಕು. ಮಾರುವ ಗಾಡಿಗೆ ಅಷ್ಟು ಮಾಡಲ್ಲ, ಆದರೆ ಕೊಳ್ಳುವವರಿಗೆ ಹೇಳುತ್ತೇನೆ. ಹಿಂದೆ ಬಣ್ಣ ಹೊಡೆದವರು ಈ ತೂತಿನ ಮೇಲೂ ಬಳಿದುಬಿಟ್ಟಿದ್ದರು! ಪಿನ್ ಬಣ್ಣದಲ್ಲಿ ಅಂಟಿಕೊಂಡು ಕಡ್ಡಿಯ ಹಾಗೆ ನಿಂತಿತ್ತು. ಬಿಡಿಸಿದ ಮೇಲೇ ಎಣ್ಣೆ ಹನಿಯತೊಡಗಿದ್ದು.

ಎರಡನೇ ಶನಿವಾರ: ಪೆಟ್ಟು

ತಾಳ್ಮೆ ಇಲ್ಲದವನಿಗೆ ಬಣ್ಣದ ಕೆಲಸ ಅಲ್ಲ. ಬಾನೆಟ್ ಮುಟ್ಟುವ ಮುಂಚೆ ಎಡ ಮಡ್‌ಗಾರ್ಡ್‌ನ ಒಳಮೈಯಲ್ಲಿ ಅಂಗೈ ಅಗಲ ಪರೀಕ್ಷೆ ಮಾಡೋಣ ಅಂತ ಹೊರಟೆ. ಅಷ್ಟು ಬುದ್ಧಿ ಇತ್ತು, ಪುಣ್ಯಕ್ಕೆ. ನೀರು ಹಾಕಿಕೊಂಡು ಎಮರಿ ಪೇಪರ್ ಉಜ್ಜಿದೆ. ಒಣಗಿದ್ದನ್ನು ಉಜ್ಜಲಿಲ್ಲ, ಏಕೆಂದರೆ ಅಷ್ಟು ಹಳೇ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ಆ ಧೂಳು ಮೂಗಿಗೆ ಹೋಗಬಾರದು, ಮಕ್ಕಳು ಆಡುವ ಜಾಗದಲ್ಲಿ ಬೀಳಲೂಬಾರದು. ಮಾಸ್ಕ್ ಹಾಕಿಕೊಂಡೇ ಕೂತಿದ್ದೆ.

ಎನಾಮೆಲ್ ಗಟ್ಟಿ ಇತ್ತು. ಟರ್ಪೆಂಟೈನ್ ಮುಗಿದಿತ್ತು. ಕೈಗೆ ಸಿಕ್ಕಿದ್ದು ಎನ್‌ಸಿ ತಿನ್ನರ್, ಅಂದರೆ ನೈಟ್ರೋಸೆಲ್ಯುಲೋಸ್ ಲ್ಯಾಕರ್‌ಗೆ ಬೆರೆಸುವ ಖಾರದ ತಿನ್ನರ್. ತಿನ್ನರ್ ಅಂದರೆ ತಿನ್ನರ್ ತಾನೇ ಅಂತ ಬೆರೆಸಿ ಹೊಡೆದೆ.

ಹತ್ತು ನಿಮಿಷದಲ್ಲಿ ಮಡ್‌ಗಾರ್ಡ್ ಮೇಲೆ ಹಾಲಿನ ಕೆನೆ ಕಟ್ಟಿತು. ಸುಕ್ಕು ಸುಕ್ಕು.

ಗೆಳೆಯನೊಬ್ಬ ಕಾರುಗಳಿಗೆ ಬಣ್ಣ ಹೊಡೆಯುತ್ತಾನೆ. ಫೋಟೋ ಕಳಿಸಿದೆ. ಉತ್ತರವಾಗಿ ಮೊದಲು ನಗು ಬಂತು, ಆಮೇಲೆ ಮಾತು. "ಎನಾಮೆಲ್ ಗಾಳಿಯ ಜೊತೆ ಸೇರಿ ನಿಧಾನಕ್ಕೆ ಗಟ್ಟಿಯಾಗೋದು ಕಣೋ. ಅದರ ಮೇಲೆ ಖಾರದ ತಿನ್ನರ್ ಬಿದ್ರೆ ಕೆಳಗಿನ ಪದರ ಉಬ್ಬಿ ಏಳುತ್ತೆ. ಮೊದ್ಲು ಬಟ್ಟೆಗೆ ತಿನ್ನರ್ ಅದ್ದಿ ಒಂದು ಮೂಲೆಯಲ್ಲಿ ಉಜ್ಜಿ ನೋಡ್ಬೇಕಿತ್ತು." ಹೌದು, ನೋಡಬೇಕಿತ್ತು.

ಭಾನುವಾರ: ಬೂದು

ಸುಕ್ಕುಗಟ್ಟಿದ್ದನ್ನು ಕೆರೆಯುತ್ತಾ ಕೂತೆ. ನನ್ನ ಕೆಂಪು ಎದ್ದಿತು. ಅದರ ಕೆಳಗೆ ಕಿತ್ತಳೆಗೆಂಪು. ಅದರ ಕೆಳಗೆ ಇನ್ನೊಂದು ಕೆಂಪು, ಗಾಢವಾದದ್ದು. ಅದರ ಕೆಳಗೆ ಬೂದು. ಪ್ರೈಮರ್, ಅಂದರೆ ಬಣ್ಣಕ್ಕೂ ಮುಂಚೆ ಬಳಿಯುವ ತಳಪದರ ಅಂದುಕೊಂಡೆ. ಬೂದು ಪ್ರೈಮರ್ ಸಾಮಾನ್ಯ ತಾನೇ.

ಆದರೆ ಅದಕ್ಕೆ ಹೊಳಪಿತ್ತು. ಪ್ರೈಮರ್ ಹೊಳೆಯುವುದಿಲ್ಲ. ಅದರ ಕೆಳಗೆ ಬೇರೆ ಪದರವೂ ಇತ್ತು, ಮಂದವಾಗಿ, ಅದೇ ನಿಜವಾದ ಪ್ರೈಮರ್ ಹಾಗೆ. ಹಾಗಾದರೆ ಈ ಬೂದು ಏನು?

ಡೀಸೆಲ್ ಟ್ಯಾಂಕ್ ಬಿಗಿಯುವ ಪಟ್ಟಿ ಬಿಚ್ಚಿದೆ. ಪಟ್ಟಿಯ ಅಡಿಯಲ್ಲಿ ಬಿಸಿಲು, ಬ್ರಷ್ ಯಾವುದೂ ಮುಟ್ಟಿರಲಿಲ್ಲ. ಅಲ್ಲೂ ಬೂದು. ಎದೆ ಸ್ವಲ್ಪ ಜೋರಾಗಿ ಹೊಡೆದುಕೊಳ್ಳಲು ಶುರುವಾಯಿತು, ಸುಳ್ಳು ಯಾಕೆ ಹೇಳಲಿ. ಗಾಡಿಯ ಕೆಳಗೆ ಮಲಗಿ, ಆ ಸ್ಪ್ಲಿಟ್ ಪಿನ್ ಪಕ್ಕದ ಎರಕದ ಕಬ್ಬಿಣದ ಮೇಲೆ ಬೂದು ಬಣ್ಣವನ್ನು ಉಗುರಿನಿಂದ ಕೆದಕಿದೆ. ಕೆಳಗೆ ಬಂಗಾರದ ಬಣ್ಣ.

ಯಾರೂ ಗೇರ್‌ಬಾಕ್ಸಿಗೆ ಬಂಗಾರದ ಪ್ರೈಮರ್ ಬಳಿಯುವುದಿಲ್ಲ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಹ್ಯಾರಿ ಫರ್ಗ್ಯೂಸನ್ ಕಂಪನಿಯ ಟಿಇ20 ಟ್ರ್ಯಾಕ್ಟರ್ ಪೂರ್ತಿ ಬೂದು. 1946ರಿಂದ 1956ರವರೆಗೆ 5 ಲಕ್ಷಕ್ಕೂ ಹೆಚ್ಚು ತಯಾರಾದವು. ನಡುವೆ 1953ರಲ್ಲಿ ಫರ್ಗ್ಯೂಸನ್ ಮತ್ತು ಮ್ಯಾಸಿ ಹ್ಯಾರಿಸ್ ಕಂಪನಿಗಳು ಒಂದಾದವು. ಟಿಇ20 ಜಾಗಕ್ಕೆ 1956ರಲ್ಲಿ ಬಂದಿದ್ದು ಎಫ್‌ಇ35. ಅದೂ ಇಂಗ್ಲೆಂಡಿನ ಕಾವೆಂಟ್ರಿಯ ಬ್ಯಾನರ್ ಲೇನ್ ಕಾರ್ಖಾನೆಯಲ್ಲೇ ಆಗುತ್ತಿತ್ತು. ಆರು ಮುಂದಿನ ಗೇರ್, ಎರಡು ಹಿಂದಿನದು. ತಗಡಿನ ಭಾಗಗಳು ಬೂದು, ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್ ಬಂಗಾರದ ಬಣ್ಣ. 1957ರ ಕೊನೆಗೆ ಬಣ್ಣ ಬದಲಾಯಿತು. ತಗಡು ಕೆಂಪಾಯಿತು, ಎರಕ ಬೂದಾಯಿತು, ಹೆಸರೂ ಮ್ಯಾಸಿ ಫರ್ಗ್ಯೂಸನ್ 35 ಆಯಿತು. ಮೂರು ಸಿಲಿಂಡರ್ ಪರ್ಕಿನ್ಸ್ ಎಂಜಿನ್ ಬಂದಿದ್ದು 1959ರಲ್ಲಿ, ಅಲ್ಲಿಯವರೆಗೆ ನನ್ನದರ ಹಾಗೆ ನಾಲ್ಕು ಸಿಲಿಂಡರ್. ಅಂದರೆ ಬೂದು ಬಂಗಾರದ ಗಾಡಿ ತಯಾರಾಗಿದ್ದು ಒಂದು ವರ್ಷದ ಆಸುಪಾಸು ಮಾತ್ರ. ಕೆಂಪು ಬಂದ ಮೇಲೆ ಎಷ್ಟೋ ಜನ ಹಳೇದಕ್ಕೂ ಕೆಂಪು ಬಳಿದು ಹೊಸದರ ಹಾಗೆ ಮಾಡಿಕೊಂಡರು.

ನನ್ನದು ಅಂಥದ್ದೇ ಒಂದು ಇರಬೇಕು.

ಬುಧವಾರ

ಕಾರ್ಖಾನೆಯ ಸೀರಿಯಲ್ ನಂಬರ್ ಇರುವ ತಟ್ಟೆಯ ಮೇಲಿನ ಬಣ್ಣ ತೆಗೆದೆ. ಎಮರಿ ಹಾಕಲಿಲ್ಲ. ಮೆತ್ತನೆ ಬಟ್ಟೆ, ಒಂದೊಂದೇ ತೊಟ್ಟು ತಿನ್ನರ್, ಒಂದೂವರೆ ಗಂಟೆ. ಈ ಸಲ ಖಾರದ ತಿನ್ನರ್ ಒಳ್ಳೇ ಕೆಲಸಕ್ಕೆ ಬಂತು. ಅಂಕಿಗಳು ಒಂದೊಂದಾಗಿ ಮೇಲೆ ಬಂದವು. ವರ್ಷವಾರು ಪಟ್ಟಿಯ ಜೊತೆ ಹೋಲಿಸಿದರೆ 1957, ಬಣ್ಣ ಬದಲಾಗುವುದಕ್ಕಿಂತ ಮುಂಚಿನದು.

ಈಗ ಪ್ರಶ್ನೆಯೇ ಬದಲಾಗಿಹೋಯಿತು. ಬಣ್ಣ ಹೊಡೆಯುವುದಾದರೆ, ಯಾವ ಬಣ್ಣ?

ಮೂರನೇ ಶನಿವಾರ: ಲೆಕ್ಕ

ಕೈಗೆ ಬಣ್ಣ ಮುಟ್ಟಿಸದೆ ಇಡೀ ದಿನ ಯೋಚನೆ.

ಕೆಂಪು ಹೊಡೆಯುವುದು ಸುಲಭ, ಡಬ್ಬಿ ಇಲ್ಲೇ ಇದೆ. ಮಾಸ್ಕಿಂಗ್ ಟೇಪ್ ಸುತ್ತಿ, ಮೇಲಿಂದ ಎರಡು ಕೋಟ್. ದೂರದಿಂದ ಚೆಂದ ಕಾಣುತ್ತದೆ. ಆದರೆ ಅದು ತಪ್ಪು ಬಣ್ಣದ ಮೂರನೇ ಪದರ. ಮುಂದೆ ಯಾರಾದರೂ ಇದನ್ನು ಮೂಲಕ್ಕೆ ತರಬೇಕು ಅಂತ ಹೊರಟರೆ ನನ್ನನ್ನು ಬೈದುಕೊಂಡು ಕೆರೆಯಬೇಕು.

ಬೂದು ಬಂಗಾರ ಹೊಡೆಯಬೇಕಾದರೆ ಸರಿಯಾಗಿಯೇ ಮಾಡಬೇಕು. ಬಾನೆಟ್, ಮಡ್‌ಗಾರ್ಡ್, ಟ್ಯಾಂಕ್, ಚಕ್ರ ಎಲ್ಲ ಬಿಚ್ಚಬೇಕು. ಬರಿ ಕಬ್ಬಿಣದವರೆಗೆ ಹೋಗಬೇಕು. ಎಪಾಕ್ಸಿ ಪ್ರೈಮರ್, ಮೇಲೆ ಹಾರ್ಡನರ್ ಬೆರೆಸಿ ಹೊಡೆಯುವ ಟೂ ಪ್ಯಾಕ್ ಬಣ್ಣ. ಟೂ ಪ್ಯಾಕ್‌ನ ಹಾರ್ಡನರ್‌ನಲ್ಲಿ ಐಸೊಸಯನೇಟ್ ಅನ್ನುವ, ಉಸಿರಿಗೆ ಅಪಾಯದ ರಾಸಾಯನಿಕ ಇರುತ್ತದೆ, ಸಾಮಾನ್ಯ ಮಾಸ್ಕ್ ಸಾಲದು, ಹೊರಗಿನ ಗಾಳಿ ಪೈಪಿನಲ್ಲಿ ಬರುವ ಮುಖವಾಡ ಬೇಕು. ನನ್ನ ಶೆಡ್ಡಿನಲ್ಲಿ ಆಗದ ಮಾತು. ಕೊಟ್ಟು ಮಾಡಿಸಿದರೆ ಹಾಕಿದ್ದು ಹಿಂದಕ್ಕೆ ಬರುತ್ತದಾ ಅನ್ನುವುದೇ ಅನುಮಾನ. ಇಂಥ ಕೆಲಸ ಇಟ್ಟುಕೊಳ್ಳುವವರು ಮಾಡಬೇಕು, ಕೊಡುವವರಲ್ಲ.

ಇನ್ನೊಂದು ವಿಷಯ. ವರ್ಷಗಳ ಹಿಂದೆ ನಾನೇ ಒಂದು ಗಾಡಿ ಕೊಂಡಿದ್ದೆ, ಬೇರೆಯದು. ಫಳಫಳ ಹೊಸ ಬಣ್ಣ. ಟೈರಿನ ಅಂಚಿಗೂ ಬಣ್ಣ, ರಬ್ಬರ್ ಪೈಪಿಗೂ ಬಣ್ಣ, ಗ್ರೀಸ್ ನಿಪ್ಪಲ್‌ಗೂ ಬಣ್ಣ. ನನಗೆ ಅದು ಅಂದವಾಗಿ ಕಂಡಿತ್ತು! ಆರು ತಿಂಗಳಿಗೆ ಮುಂದಿನ ಆಕ್ಸಲ್ ಹಿಡಿಯುವ ಎರಕದ ಮೇಲೆ ಬಣ್ಣ ಗೆರೆಯಾಗಿ ಬಿರಿಯಿತು. ಕೆರೆದರೆ ಪುಟ್ಟಿ. ಪುಟ್ಟಿ ಕೆರೆದರೆ ಸೀಳು. ಮಾರಿದವರಿಗೆ ಗೊತ್ತಿತ್ತೋ ಇಲ್ಲವೋ, ನಾನು ಕೇಳಲು ಹೋಗಲಿಲ್ಲ. ಆಮೇಲಿಂದ ಹೊಸ ಬಣ್ಣದ ಹಳೇ ಗಾಡಿ ನೋಡಿದರೆ ಮೊದಲು ಕೀಲುಗಳನ್ನು ನೋಡುತ್ತೇನೆ. ಎಣ್ಣೆ ಜಿಡ್ಡಿನ ಮೇಲೆ ಹೊಡೆದ ಬಣ್ಣದಲ್ಲಿ ಮೀನಿನ ಕಣ್ಣಿನಂಥ ಗುಳಿಗಳು ಬಿದ್ದಿರುತ್ತವೆ. ಅದೊಂದೇ ಸಾಕು ಎಷ್ಟು ಅವಸರದಲ್ಲಿ ಹೊಡೆದಿದ್ದಾರೆ ಅಂತ ಹೇಳಲು.

ನಾನು ಹೀಗೆ ನೋಡುವವನಾದರೆ, ನನ್ನ ಗಾಡಿ ಕೊಳ್ಳಲು ಬರುವವರೂ ಹಾಗೇ ನೋಡುತ್ತಾರೆ ಅಲ್ವಾ?

ತೀರ್ಮಾನ: ಬಣ್ಣ ಇಲ್ಲ.

ನಾಲ್ಕನೇ ವಾರ: ಪಾಲಿಶ್ ಮತ್ತು ಚಿಲ್ಲರೆ

ಬಾನೆಟ್‌ಗೆ ರಬ್ಬಿಂಗ್ ಕಾಂಪೌಂಡ್ ಹಚ್ಚಿ ಕೈಯಲ್ಲೇ ಉಜ್ಜಿದೆ. ಬಟ್ಟೆ ಕೆಂಪಾಗುತ್ತದೆ, ಗಾಬರಿ ಬೇಡ. ಮೇಲೆ ಕ್ಲಿಯರ್ ಕೋಟ್ (ಪಾರದರ್ಶಕ ಪದರ) ಇಲ್ಲದ ಬಣ್ಣದಲ್ಲಿ ಸತ್ತ ಪದರ ಹಾಗೆಯೇ ಬರುವುದು. ಅಂಚುಗಳಲ್ಲಿ ಮಾತ್ರ ಕೈ ಹಗುರ ಇರಬೇಕು, ಅಲ್ಲಿ ಬಣ್ಣ ತೆಳು. ಮೂರು ಸುತ್ತಿನ ಮೇಲೆ ಗುಲಾಬಿ ಹೋಗಿ ಕೆಂಪು ಬಂತು. ಹೊಸದರ ಹಾಗಲ್ಲ, ಆದರೆ ನೋಡಿಕೊಂಡಿದ್ದಾರೆ ಅನ್ನುವ ಹಾಗೆ. ಮೇಲೆ ಮೇಣ. ಭುಜ ಇನ್ನೂ ನೋಯುತ್ತಿದೆ.

ಬ್ಯಾಟರಿ ತಟ್ಟೆಯನ್ನು ಆಸಿಡ್ ತಿಂದಿತ್ತು. ಅಡುಗೆ ಸೋಡಾ ಕಲಸಿದ ನೀರು ಹಾಕಿ ನೊರೆ ನಿಲ್ಲುವವರೆಗೆ ತೊಳೆದು, ತುಕ್ಕು ಕೆರೆದು, ಅದೊಂದಕ್ಕೆ ಮಾತ್ರ ರೆಡ್ ಆಕ್ಸೈಡ್ ಪ್ರೈಮರ್ ಬಳಿದೆ. ರಾಕರ್ ಕವರ್ ಗ್ಯಾಸ್ಕೆಟ್ ಹಾಕಿದೆ. ನೇಗಿಲು ಎತ್ತುವ ಹಿಂದಿನ ಹೈಡ್ರಾಲಿಕ್ ಲಿಫ್ಟ್‌ಗೆ ಭಾರ ಕಟ್ಟಿ ಎತ್ತಿ, ಎಂಜಿನ್ ನಿಲ್ಲಿಸಿ, ತೋಳು ಎಷ್ಟು ಹೊತ್ತಿಗೆ ಎಷ್ಟು ಇಳಿಯುತ್ತದೆ ಅಂತ ಬರೆದಿಟ್ಟೆ. ಈ ಗಾಡಿಯಲ್ಲಿ ಗೇರ್‌ಬಾಕ್ಸಿಗೂ ಹೈಡ್ರಾಲಿಕ್‌ಗೂ ಒಂದೇ ಎಣ್ಣೆ. ಅಳತೆ ಕಡ್ಡಿ ತೆಗೆದು ನೋಡಿದೆ, ಹಾಲು ಬೆರೆತ ಹಾಗಿಲ್ಲ, ನೀರು ಸೇರಿಲ್ಲ.

ಕೆರೆದ ಜಾಗಗಳನ್ನು ಮುಚ್ಚಲಿಲ್ಲ. ಮಡ್‌ಗಾರ್ಡ್ ಒಳಗೆ ಅಂಗೈ ಅಗಲ ಬೂದು, ಕೆಳಗೆ ಬಂಗಾರದ ಚುಕ್ಕೆ. ತುಕ್ಕು ಹಿಡಿಯದಿರಲಿ ಅಂತ ತೆಳುವಾಗಿ ಮೇಣ ಸವರಿದ್ದೇನೆ.

ಐದನೇ ಭಾನುವಾರ

ಫೋಟೋಗಳಲ್ಲಿ ಬಾನೆಟ್‌ಗಿಂತ ಹೊಟ್ಟೆಯ ಫೋಟೋ ಜಾಸ್ತಿ. ಹನಿಯುವ ಸ್ಪ್ಲಿಟ್ ಪಿನ್, ಕೆಳಗಿಟ್ಟ ರಟ್ಟಿನ ಮೇಲಿನ ಎರಡು ಕಪ್ಪು ಚುಕ್ಕೆ, ನಂಬರ್ ತಟ್ಟೆ, ಟ್ಯಾಂಕ್ ಪಟ್ಟಿಯ ಅಡಿಯ ಬೂದು. ಎರಡು ಫೋನ್ ಬಂದವು. ಒಬ್ಬರು, "ಬಣ್ಣ ಹೊಡೆಸಿ ಕೊಡ್ತೀರಾ?" ಅಂದರು. ಇಲ್ಲ ಅಂದೆ.

ಇನ್ನೊಬ್ಬರು ಇವತ್ತು ಬಂದರು. ವಯಸ್ಸಾದವರು. ಎಂಜಿನ್ ತಣ್ಣಗಿದೆಯಾ ಅಂತ ಮೊದಲು ಕೈ ಇಟ್ಟು ನೋಡಿದರು, ಬಿಸಿ ಮಾಡಿ ಇಟ್ಟಿದ್ದೇನೋ ಅಂತ ಅನುಮಾನ ಇರಬೇಕು. ಸ್ಟಾರ್ಟ್ ಮಾಡಿಸಿದರು. ಬಿಳಿ ಹೊಗೆ ಎಷ್ಟು ಹೊತ್ತು ಬರುತ್ತದೆ ಅಂತ ಗಡಿಯಾರ ನೋಡಿಕೊಂಡು ನಿಂತರು. ಆಮೇಲೆ ನೆಲಕ್ಕೆ ಗೋಣಿ ಹಾಸಿಕೊಂಡು ಕೆಳಗೆ ಮಲಗಿದರು. ಹತ್ತು ನಿಮಿಷ ಕಾಲು ಮಾತ್ರ ಕಾಣುತ್ತಿತ್ತು.

"ಇದನ್ನ ಕೆರೆದವರು ನೀವೇನಾ?" ಕೆಳಗಿನಿಂದ ದನಿ.

"ಹೌದು ಸರ್."

"ಇನ್ನು ಕೆರೀಬೇಡಿ. ಮಿಕ್ಕಿದ್ದು ನಾನು ನೋಡ್ಕೋತೀನಿ."

ಮುಂದಿನ ವಾರ ಲಾರಿ ತರುತ್ತಾರಂತೆ. ಎಲ್ಲ ಬಿಚ್ಚಿ, ಬೂದು ಬಂಗಾರ ಎರಡನ್ನೂ ಸರಿಯಾಗಿ ಹೊಡೆಯುವ ಆಲೋಚನೆ ಅವರದು. ಹೊರಡುವಾಗ ಕೆಂಪು ಎನಾಮೆಲ್ ಡಬ್ಬಿ ತೋರಿಸಿ, ಮುಕ್ಕಾಲು ಇದೆ, ಬೇಕಾ ಅಂತ ಕೇಳಿದೆ. ಡಬ್ಬಿಯನ್ನು ನೋಡಿದರು, ನನ್ನನ್ನು ನೋಡಿದರು, ಏನೂ ಹೇಳದೆ ನಕ್ಕು ಗಾಡಿ ಹತ್ತಿದರು.

ಶೆಡ್ಡಿನ ಬಾಗಿಲಿಗೆ ಆಗುತ್ತದೆ. ಈ ಸಲ ಟರ್ಪೆಂಟೈನ್ ತಂದಿಟ್ಟುಕೊಂಡಿದ್ದೇನೆ.