ತಂತಿಯನ್ನೂ ಏಣಿಯನ್ನೂ ಬಿಡದೆ ಬರೆಯುವುದು

ಹಳೆಯ ನಗರದ ಬೀದಿಗಳಲ್ಲಿ ಕುಳಿತು ಚಿತ್ರ ಬರೆಯಲು ತೊಡಗಿದ ಮೊದಲ ಕೆಲವು ವರ್ಷಗಳಲ್ಲಿ ನಾನು ಕಣ್ಣೆದುರಿಗಿದ್ದುದರಲ್ಲಿ ಅರ್ಧವನ್ನು ಬರೆಯದೆ ಬಿಡುತ್ತಿದ್ದೆ. ಕಲ್ಲಿನ ಕಮಾನು, ಕೆತ್ತನೆಯ ಬಾಗಿಲುವಾಡ, ಸವೆದ ಮೆಟ್ಟಿಲು ಇವೆಲ್ಲ ಹಾಳೆಯ ಮೇಲೆ ಬರುತ್ತಿದ್ದವು. ಅವುಗಳ ಮುಂದೆ ಹಾದುಹೋದ ವಿದ್ಯುತ್ ತಂತಿ, ಗೋಡೆಗೆ ಒರಗಿಸಿದ ಏಣಿ, ಕಿಟಕಿಗೆ ಕಟ್ಟಿದ ಪ್ಲಾಸ್ಟಿಕ್ ಹಾಳೆ, ಸಾಲಾಗಿ ನಿಂತ ಸ್ಕೂಟರ್‌ಗಳು ಬರುತ್ತಿರಲಿಲ್ಲ. ಅವು ಕಟ್ಟಡಕ್ಕೆ ಸೇರಿದವಲ್ಲ, ನೋಟಕ್ಕೆ ಅಡ್ಡಬಂದವು ಎಂದೇ ನಂಬಿದ್ದೆ.

ಆ ನಂಬಿಕೆ ಕಳಚಿದ್ದು ಒಂದು ಕಮಾನುದ್ವಾರದ ಮುಂದೆ ಎರಡನೆಯ ಬಾರಿ ಕುಳಿತಾಗ. ಆರು ವರ್ಷಗಳ ಹಿಂದೆ ಅಲ್ಲಿಯೇ ಬರೆದ ಹಾಳೆಯನ್ನು ಮಡಿಲಲ್ಲಿಟ್ಟುಕೊಂಡು ಹೋಲಿಸಿ ನೋಡಿದರೆ ಕಮಾನು ಇದ್ದಂತೆಯೇ ಇತ್ತು, ಒಂದು ಕಲ್ಲೂ ಕದಲಿರಲಿಲ್ಲ. ಆದರೆ ಅದರ ನೆರಳಿನಲ್ಲಿ ದಿನವೂ ಕುಳಿತು ಚಪ್ಪಲಿ ಹೊಲಿಯುತ್ತಿದ್ದ ಮುದುಕರು ಇರಲಿಲ್ಲ. ಅವರ ಮರದ ಪೆಟ್ಟಿಗೆಯೂ, ಬಿಸಿಲೇರಿದಾಗ ಅವರು ಗೋಡೆಯ ಮೊಳೆಯಿಂದ ಇಳಿಬಿಡುತ್ತಿದ್ದ ಗೋಣಿಯ ಪರದೆಯೂ ಇರಲಿಲ್ಲ. ನನ್ನ ಹಳೆಯ ಚಿತ್ರದಲ್ಲಿ ಹುಡುಕಿದೆ. ಅಲ್ಲಿಯೂ ಇರಲಿಲ್ಲ. ಕಮಾನಿನ ಫೋಟೊಗಳು ಬೇಕಾದಷ್ಟು ಸಿಗುತ್ತವೆ. ಆ ಗೋಣಿಯನ್ನು ಎರಡು ಗಂಟೆ ಎದುರು ಕುಳಿತು ನೋಡಿದವನು ನಾನು, ಅದರ ಒಂದು ಗೆರೆಯನ್ನೂ ಎಳೆಯದೆ ಎದ್ದು ಬಂದಿದ್ದೆ. ಅದು ಇಂದಿಗೂ ನನ್ನನ್ನು ನೋಯಿಸುತ್ತದೆ.

ಅಂದಿನಿಂದ ನನಗೆ ಬಹಳ ಆಪ್ತವಾದ ಚಿತ್ರವೆಂದರೆ ಕ್ಯಾನಲೆಟ್ಟೊ 1725ರ ಸುಮಾರಿಗೆ ಬರೆದ, ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಕಲ್ಲುಕುಟಿಗರ ಅಂಗಳ. ವೆನಿಸ್ಸಿನ ಉತ್ಸವಗಳನ್ನೂ ಅರಮನೆಗಳನ್ನೂ ಬರೆದು ಹೆಸರಾದ ಆ ಕಲಾವಿದ ಇಲ್ಲಿ ನಗರದ ಹಿತ್ತಿಲನ್ನು ತೋರಿಸುತ್ತಾನೆ. ಅರ್ಧ ಕೆತ್ತಿದ ಕಲ್ಲುಗಳು ನೆಲದ ತುಂಬ ಬಿದ್ದಿವೆ, ಕಿಟಕಿಗಳಿಂದ ಬಟ್ಟೆಗಳು ಜೋತಾಡುತ್ತಿವೆ, ಮಾಳಿಗೆಯಲ್ಲಿ ಹೆಂಗಸೊಬ್ಬಳು ನೂಲುತ್ತಿದ್ದಾಳೆ, ಕೆಳಗೆ ಮಗುವೊಂದು ಬಿದ್ದು ತಾಯಿ ಅದರತ್ತ ಧಾವಿಸುತ್ತಿದ್ದಾಳೆ. ಕಾಲುವೆಯ ಆಚೆ ದಡದಲ್ಲಿ ಚರ್ಚೊಂದರ ಎತ್ತರದ ಗಂಟೆಗೋಪುರ ನಿಂತಿದೆ. 1740ರ ದಶಕದಲ್ಲಿ ಆ ಗೋಪುರ ಕುಸಿದುಹೋಯಿತು. ಬಿದ್ದ ಮಗುವೂ ಮುಂದೆ ಬೀಳಲಿದ್ದ ಗೋಪುರವೂ ಒಂದೇ ಬಿಸಿಲಿನಲ್ಲಿ ಇರುವುದನ್ನು ನೋಡಿದಾಗ, ಯಾವುದು ಶಾಶ್ವತ, ಯಾವುದು ಅಡ್ಡಬಂದದ್ದು ಎಂದು ಬೀದಿಯಲ್ಲಿ ಕುಳಿತವನು ತೀರ್ಮಾನಿಸಲಾರ ಎಂಬುದು ನನಗೆ ಸ್ಪಷ್ಟವಾಯಿತು.

ಅವನ ಸೋದರಳಿಯ ಬರ್ನಾರ್ಡೊ ಬೆಲೊಟ್ಟೊ 1770ರಿಂದ 1780ರ ನಡುವೆ ವಾರ್ಸಾ ನಗರದ ಬೀದಿಗಳನ್ನು ಬರೆದ. ಎರಡನೆಯ ಮಹಾಯುದ್ಧದಲ್ಲಿ ಆ ನಗರದ ಐತಿಹಾಸಿಕ ಭಾಗದ ಶೇಕಡಾ 85ಕ್ಕೂ ಹೆಚ್ಚು ನಾಶವಾದ ಮೇಲೆ ಅದನ್ನು ಮತ್ತೆ ಕಟ್ಟಿದವರು ಅವನ ಚಿತ್ರಗಳನ್ನೂ ಮುಂದಿಟ್ಟುಕೊಂಡರು. ಅವನು ಅಲ್ಲಲ್ಲಿ ಕಟ್ಟಡಗಳನ್ನು ತನ್ನ ಇಚ್ಛೆಯಂತೆ ತಿದ್ದಿದ್ದೂ ಉಂಟು. ಆದ್ದರಿಂದ ಚಿತ್ರಗಳಿಗಿಂತ ಹೆಚ್ಚಾಗಿ ನೆರವಾದದ್ದು ವಾಸ್ತುಶಿಲ್ಪದ ವಿದ್ಯಾರ್ಥಿಗಳೂ ಅಧ್ಯಾಪಕರೂ ಕಟ್ಟಡಗಳನ್ನು ಅಳೆದು ಸಿದ್ಧಪಡಿಸಿದ್ದ, ಯುದ್ಧಕಾಲದಲ್ಲಿ ಗುಟ್ಟಾಗಿ ಸಾಗಿಸಿ ಮಠವೊಂದರಲ್ಲಿ ಬಚ್ಚಿಟ್ಟಿದ್ದ ನಕ್ಷೆಗಳು. ಹಾಗೆ ಎದ್ದುನಿಂತ ಹಳೆಯ ಪಟ್ಟಣವನ್ನು ಯುನೆಸ್ಕೊ 1980ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ನನ್ನ ಸ್ಕೆಚ್‌ಬುಕ್ಕಿಗೆ ಅಂಥ ಹೊಣೆ ಎಂದೂ ಬರಲಾರದು. ಆದರೂ ಸುಂದರವಾಗಲೆಂದು ಕಿಟಕಿಯನ್ನು ಒಂದು ಗೇಣು ಪಕ್ಕಕ್ಕೆ ಸರಿಸುವ ಆಸೆ ಬಂದಾಗ ಬೆಲೊಟ್ಟೊನ ನೆನಪಾಗಿ ಕೈ ನಿಲ್ಲುತ್ತದೆ.

ಎಲ್ಲವನ್ನೂ ಬರೆಯಬೇಕು ಎಂದು ನಿರ್ಧರಿಸಿದ ಮೇಲೆ ಬರೆಯುವ ಕ್ರಮವೇ ಬದಲಾಯಿತು. ಮೊದಲು ಕಣ್ಣಿನ ಮಟ್ಟದ ಗೆರೆಯನ್ನು ತೆಳುವಾಗಿ ಎಳೆಯುತ್ತೇನೆ. ಸಮತಟ್ಟಾದ ಬೀದಿಯಲ್ಲಿ ನಿಂತು ಬರೆದರೆ ಹತ್ತಿರದವರ ತಲೆಯೂ ದೂರದವರ ತಲೆಯೂ ಹೆಚ್ಚುಕಡಿಮೆ ಆ ಒಂದೇ ಗೆರೆಯ ಮೇಲೆ ಬರುತ್ತವೆ, ಪಾದಗಳು ಮಾತ್ರ ಮೇಲೆ ಕೆಳಗಾಗುತ್ತವೆ. ಗಿಡ್ಡ ಮಣೆಯ ಮೇಲೆ ಕುಳಿತು ಬರೆದರೆ ಅದೇ ಗೆರೆ ನಿಂತವರ ಸೊಂಟದ ಬಳಿ ಹಾಯುತ್ತದೆ. ಇದನ್ನು ಅರಿಯುವವರೆಗೆ ನನ್ನ ಚಿತ್ರಗಳಲ್ಲಿ ಜನ ಗಾಳಿಯಲ್ಲಿ ತೇಲುತ್ತಿದ್ದರು. ಅನಂತರ ನೆರಳು. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುವುದರಿಂದ, ಕುಳಿತ ಹತ್ತು ನಿಮಿಷದೊಳಗೆ ನೆರಳಿನ ಅಂಚುಗಳನ್ನು ಗುರುತಿಸಿಕೊಂಡು ಕೊನೆಯವರೆಗೂ ಅವುಗಳಿಗೇ ಅಂಟಿಕೊಳ್ಳಬೇಕು. ಇಲ್ಲವಾದರೆ ಒಂದು ಗೋಡೆಯಲ್ಲಿ ಬೆಳಿಗ್ಗೆ, ಇನ್ನೊಂದರಲ್ಲಿ ಮಧ್ಯಾಹ್ನ ಕಾಣಿಸಿಕೊಳ್ಳುತ್ತದೆ. ಕಮಾನು ಓರೆಯಾಗಿ ಕಂಡಾಗ ಅದನ್ನು ಒಳಗೊಳ್ಳುವ ಚೌಕಟ್ಟನ್ನು ಮೊದಲು ಬರೆದು ಅದರ ಮೂಲೆಗೆರೆಗಳು ಸಂಧಿಸುವಲ್ಲಿಂದ ನೇರ ಮೇಲಕ್ಕೆ ಹೋದರೆ ಕಮಾನಿನ ನೆತ್ತಿ ಸಿಗುತ್ತದೆ. ಅಳತೆಪಟ್ಟಿಯನ್ನು ನಾನು ಮುಟ್ಟುವುದಿಲ್ಲ, ಏಕೆಂದರೆ ಹಳೆಯ ಗೋಡೆಗಳು ವಾಲಿರುತ್ತವೆ ಮತ್ತು ಆ ವಾಲುವಿಕೆಯಲ್ಲೇ ಅವುಗಳ ವಯಸ್ಸು ಕಾಣುತ್ತದೆ.

ಜನರನ್ನು ಬರೆಯುವುದು ಹೆಚ್ಚು ತಾಳ್ಮೆ ಬೇಡುವ ಕೆಲಸ. ನಡೆದುಹೋಗುವವರನ್ನು ಹಿಡಿಯಲು ತಲೆ, ಭುಜ, ಮುಂದಿಟ್ಟ ಕಾಲು ಇಷ್ಟೇ ಸಾಕು. ಕೆಲಸದಲ್ಲಿ ತೊಡಗಿದವರು ಮಾತ್ರ ಕಾಯುವವನಿಗೆ ತುಂಬ ಉದಾರಿಗಳು: ಗುಡಿಸುವವಳು ಬಾಗಿ, ನೆಟ್ಟಗಾಗಿ, ಮತ್ತೆ ಅದೇ ಭಂಗಿಗೆ ಮರಳುತ್ತಾಳೆ, ಮೂಟೆ ಇಳಿಸುವವನ ಬೆನ್ನು ನಿಮಿಷಕ್ಕೊಮ್ಮೆ ಅದೇ ವಕ್ರರೇಖೆಯಾಗುತ್ತದೆ. ಮೊದಲ ಸಲ ನೋಡುತ್ತೇನೆ, ಎರಡನೆಯ ಸಲ ಬೆನ್ನಿನ ಗೆರೆ ಎಳೆಯುತ್ತೇನೆ, ಮೂರನೆಯ ಸಲ ಕೈಗಳನ್ನು ಕೂಡಿಸುತ್ತೇನೆ.

ಗೇಬ್ರಿಯಲ್ ಕಂಪನಾರಿಯೊ ಎಂಬ ಪತ್ರಿಕಾ ಚಿತ್ರಕಾರ 2007ರಲ್ಲಿ ಆರಂಭಿಸಿದ ಅರ್ಬನ್ ಸ್ಕೆಚರ್ಸ್ ಬಳಗ ಇಂದು ನಾನಾ ದೇಶಗಳಿಗೆ ಹರಡಿದೆ. ಸ್ಥಳದಲ್ಲೇ ಕುಳಿತು, ಕಂಡದ್ದಕ್ಕೆ ನಿಷ್ಠರಾಗಿ ಬರೆಯಬೇಕೆಂಬುದು ಅದರ ನಿಯಮಗಳ ತಿರುಳು. ಇದರಲ್ಲಿ ಎರಡನೆಯದು ಹೆಚ್ಚು ಕಷ್ಟ ಎಂಬುದು ನನ್ನ ಅನುಭವ.

ಕಳೆದ ಭಾನುವಾರ ಮರದ ಜಗಲಿಯಿದ್ದ ಒಂದು ಹಳೆಯ ಮನೆಯ ಎದುರು ಕುಳಿತಿದ್ದೆ. ಕಂಬದಿಂದ ಹೊರಟ ಏಳು ತಂತಿಗಳು ಜಗಲಿಯ ಕೆತ್ತನೆಯನ್ನು ಅಡ್ಡಡ್ಡ ಸೀಳಿಕೊಂಡು ಹೋಗಿದ್ದವು. ಪೆನ್ನನ್ನು ಕಾಗದದಿಂದ ಎತ್ತದೆ ಒಂದೊಂದನ್ನೂ ಅದರ ಜೋಲಿನ ಸಮೇತ ಎಳೆದೆ; ಐದನೆಯದರ ಮೇಲೆ ಯಾರದೋ ಗಾಳಿಪಟದ ಬಾಲ ಸಿಕ್ಕಿಕೊಂಡಿತ್ತು, ಅದನ್ನೂ ಬರೆದೆ. ಶಾಯಿ ಆರಲು ಕಾಯುತ್ತಿದ್ದಾಗ ಆ ಮನೆಯ ಅಜ್ಜಿ ಹೊರಗೆ ಬಂದು, ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಕೆತ್ತನೆಯ ಬಗ್ಗೆ ಅವರು ಏನೂ ಹೇಳಲಿಲ್ಲ. ಗಾಳಿಪಟದ ಬಾಲದ ಮೇಲೆ ಬೆರಳಿಟ್ಟು, ಅದು ತಮ್ಮ ಮೊಮ್ಮಗನದು ಎಂದರು.