ಆ ಎರಡು ಡಿಗ್ರಿ ಎಲ್ಲಿ ಹೋಯಿತು?

11 ಫೆಬ್ರವರಿ 2024, ಭಾನುವಾರ

ಇವತ್ತು ಬೆಳಗ್ಗೆಯೆಲ್ಲ ನೀರು ಬೆರೆಸುವುದರಲ್ಲೇ ಕಳೆಯಿತು. ಮಗಳ ವಿಜ್ಞಾನದ ಲೆಕ್ಕ: 80 ಡಿಗ್ರಿಯ 200 ಗ್ರಾಂ ನೀರನ್ನು 20 ಡಿಗ್ರಿಯ 300 ಗ್ರಾಂ ನೀರಿಗೆ ಸುರಿದರೆ ಕೊನೆಗೆ ಎಷ್ಟು ಡಿಗ್ರಿ?

ಅವಳು ಥಟ್ಟನೆ 50 ಅಂದಳು. ಎರಡೂ ಸಮ ಇದ್ದಿದ್ದರೆ ಸರಿ, ಆದರೆ ಇಲ್ಲಿ ತಣ್ಣೀರು ಜಾಸ್ತಿ ಅಲ್ವಾ? ಬಿಸಿನೀರು ಎಷ್ಟು ಶಾಖ ಬಿಟ್ಟುಕೊಡುತ್ತದೋ ಅಷ್ಟನ್ನೇ ತಣ್ಣೀರು ತೆಗೆದುಕೊಳ್ಳಬೇಕು. 200 ಗ್ರಾಂ ನೀರು 36 ಡಿಗ್ರಿ ಇಳಿದರೆ 7,200 ಕ್ಯಾಲೊರಿ, 300 ಗ್ರಾಂ ನೀರು 24 ಡಿಗ್ರಿ ಏರಿದರೂ 7,200 ಕ್ಯಾಲೊರಿ. ಉತ್ತರ 44.

ಮಾಡಿಯೇ ನೋಡೋಣ ಅಂದಳು. ತಣ್ಣೀರಿದ್ದ ಸ್ಟೀಲ್ ಪಾತ್ರೆಗೆ ಬಿಸಿನೀರು ಸುರಿದೆವು. ಮೊದಲು ಥರ್ಮಾಮೀಟರ್ ಮೇಲೊಂದು, ತಳದಲ್ಲೊಂದು ತೋರಿಸಿತು. ಬಿಸಿನೀರು ಹಗುರ, ಸುಮ್ನೆ ಬಿಟ್ಟರೆ ಮೇಲೆಯೇ ನಿಲ್ಲುತ್ತದೆ. ಚೆನ್ನಾಗಿ ಕಲಕಿದ ಮೇಲೆ ಸಿಕ್ಕಿದ್ದು 42. ಇನ್ನೊಂದು ಸಲ ಮಾಡಿದರೂ 42.

ಸ್ವಲ್ಪ ಶಾಖ ಗಾಳಿಗೆ ಹೋಗಿರುತ್ತದೆ, ನಿಜ. ಆದರೆ ಜಾಸ್ತಿ ಪಾಲು ನುಂಗಿದ್ದು ಪಾತ್ರೆ! ಅದೂ 20 ಡಿಗ್ರಿಯಲ್ಲೇ ಇತ್ತು, ನೀರಿನ ಜೊತೆ ಅದೂ ಬಿಸಿಯಾಗಬೇಕು. ತೂಕ ನೋಡಿದೆವು, 250 ಗ್ರಾಂ. ಹಾಗಂತ ಅದನ್ನು 250 ಗ್ರಾಂ ನೀರಿನ ಹಾಗೆ ಎಣಿಸುವಂತಿಲ್ಲ, ಒಂದು ಗ್ರಾಂ ನೀರು ಒಂದು ಡಿಗ್ರಿ ಏರಲು ಬೇಕಾಗುವ ಶಾಖದ ಎಂಟನೇ ಒಂದು ಪಾಲು ಇದ್ದರೆ ಒಂದು ಗ್ರಾಂ ಸ್ಟೀಲಿಗೆ ಸಾಕು. ಅಂದರೆ ಲೆಕ್ಕಕ್ಕೆ ಆ ಪಾತ್ರೆ ಸುಮಾರು 30 ಗ್ರಾಂ ತಣ್ಣೀರು ಇದ್ದ ಹಾಗೆ. ಸೇರಿಸಿದರೆ 44ರ ಜಾಗದಲ್ಲಿ 42.6 ಬರುತ್ತದೆ. ಇದು ಹೊಂದಿದಾಗ ಇಬ್ಬರಿಗೂ ಎಷ್ಟು ಖುಷಿ ಆಯಿತು ಅಂದರೆ ತಿಂಡಿ ಮರೆತೇಹೋಗಿತ್ತು.

ಶಾಖ ಬೇರೆ, ಥರ್ಮಾಮೀಟರ್ ತೋರಿಸುವ ಡಿಗ್ರಿ ಬೇರೆ ಅಂತ 18ನೇ ಶತಮಾನದಲ್ಲಿ ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಸ್ಪಷ್ಟ ಮಾಡಿದ್ದರು. ಅದನ್ನು ಓದಿ ಗೊತ್ತಿತ್ತು, ಆದರೆ 42 ಡಿಗ್ರಿಯ ಪಾತ್ರೆಯನ್ನೂ 42 ಡಿಗ್ರಿಯ ನೀರನ್ನೂ ಒಟ್ಟಿಗೆ ಮುಟ್ಟಿ ನೋಡಿದಾಗಲೇ ನನಗೆ ಅದು ಪೂರ್ತಿ ಮನಸ್ಸಿಗೆ ಇಳಿದಿದ್ದು.

ಅಷ್ಟರಲ್ಲಿ ಅವಳದೇ ಪ್ರಶ್ನೆ: "ಅಪ್ಪಾ, ತಿರುಗಿಸಿ ಸುರಿದರೆ?" ಅದೇ ಪಾತ್ರೆಯಲ್ಲಿ 200 ಗ್ರಾಂ ನೀರನ್ನು 80ಕ್ಕೆ ಕಾಯಿಸಿದರೆ ಪಾತ್ರೆಯೂ ಬಿಸಿಯಾಗಿರುತ್ತದೆ, ಈಗ ಅದು ಶಾಖ ಕೊಡುವ ಕಡೆ. ಲೆಕ್ಕದಲ್ಲಿ 46 ಬಂತು. ತಣ್ಣೀರು ಸುರಿದು, ಕಲಕಿ ನೋಡಿದರೆ 45. ನೀರು ಅಷ್ಟೇ, ಪಾತ್ರೆ ಅದೇ, ಆದರೂ ಮೂರು ಡಿಗ್ರಿ ವ್ಯತ್ಯಾಸ. ಅವಳು ನೋಟ್‌ಬುಕ್ಕಿನಲ್ಲಿ 44ರ ಪಕ್ಕ 42, 45 ಎರಡನ್ನೂ ಬರೆದು, ಕೆಳಗೆ ಪಾತ್ರೆಯ ಚಿತ್ರ ಬಿಡಿಸಿದ್ದಾಳೆ.