ಎಸಿ ಇಲ್ಲದೆ ಕಲಬುರಗಿಯ ಬೇಸಿಗೆಯನ್ನು ಹೇಗೆ ಕಳೆಯುತ್ತೀರಿ?

ಮಾರ್ಚ್ ತಿಂಗಳು ಬಂತೆಂದರೆ ಬೆಂಗಳೂರು, ಮೈಸೂರಿನ ಕಡೆಯ ಬಂಧುಗಳೂ, ಈ ಊರಿಗೆ ವರ್ಗವಾಗಿ ಬಂದು ಬಾಡಿಗೆ ಮನೆ ಹುಡುಕುತ್ತಿರುವವರೂ ನನ್ನನ್ನು ತಪ್ಪದೆ ಕೇಳುವ ಪ್ರಶ್ನೆಯಿದು. ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: ಕರೆಂಟಿನ ಬಿಲ್ಲು, ಗ್ಯಾಸು, ದಿನಸಿ ಎಲ್ಲವನ್ನೂ ಒಂದು ಸಂಬಳದಲ್ಲಿ ಹೇಗೆ ತೂಗಿಸುತ್ತೀರಿ? ನನ್ನ ಮಟ್ಟಿಗೆ ಇವೆರಡಕ್ಕೂ ಉತ್ತರ ಒಂದೇ. ಒಂದಂತಸ್ತಿನ ಮನೆಯೊಳಗಿನ ಬಿಸಿಯಲ್ಲಿ ದೊಡ್ಡ ಪಾಲು ಮಾಳಿಗೆಯಿಂದ, ಅಂದರೆ ಮನೆಯ ಚಾವಣಿಯಿಂದ, ಇಳಿಯುತ್ತದೆ. ಅದರ ಮೇಲೆ ನಾವೇ ಒಲೆ ಹಚ್ಚಿ ಇನ್ನಷ್ಟನ್ನು ಸೇರಿಸುತ್ತೇವೆ. ಆದ್ದರಿಂದ ಮಾಳಿಗೆಯ ಮೇಲೆ ಏನು ಬಳಿದಿದ್ದೇವೆ, ಮಧ್ಯಾಹ್ನ ಏನು ಉಣ್ಣುತ್ತೇವೆ ಎಂಬುದನ್ನು ಒಟ್ಟಿಗೇ ಯೋಚಿಸಿದವರಿಗೆ ಮಾತ್ರ ಈ ಬೇಸಿಗೆ ಕಡಿಮೆ ಖರ್ಚಿನಲ್ಲಿ ಸಾಗುತ್ತದೆ.

ಮೊದಲು ಮಾಳಿಗೆಯ ವಿಷಯ. ಕಲಬುರಗಿ ಸಮಭಾಜಕದಿಂದ ಉತ್ತರಕ್ಕೆ 17 ಡಿಗ್ರಿಯಷ್ಟು ದೂರದಲ್ಲಿರುವುದರಿಂದ ಮೇ ತಿಂಗಳ ಎರಡನೇ ವಾರದ ಹೊತ್ತಿಗೆ ನಡುಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಆಗ ಗೋಡೆಗಳ ಮೇಲೆ ಬಿಸಿಲು ಓರೆಯಾಗಿ ಬೀಳುತ್ತದೆ, ಮಾಳಿಗೆಯ ಮೇಲೆ ನೇರವಾಗಿ ಬೀಳುತ್ತದೆ. ಹೊರಗಿನ ಗಾಳಿಯೇ 40 ಡಿಗ್ರಿ ದಾಟಿರುವ ದಿನ ಬೂದುಬಣ್ಣದ ಸಿಮೆಂಟಿನ ಮಾಳಿಗೆ ಅದಕ್ಕಿಂತ ಎಷ್ಟೋ ಹೆಚ್ಚು ಕಾಯುತ್ತದೆ. ನಾಲ್ಕೈದು ಇಂಚಿನ ಆರ್‌ಸಿಸಿ ಸ್ಲ್ಯಾಬ್ ಆ ಬಿಸಿಯನ್ನು ತಡೆಯುವುದಿಲ್ಲ, ಕೆಲವು ಗಂಟೆ ತಡಮಾಡಿ ಕೆಳಗೆ ಬಿಡುತ್ತದೆ, ಅಷ್ಟೆ. ಹೊತ್ತು ಮುಳುಗಿದ ಮೇಲೆ ಹೊರಗೆ ತಂಗಾಳಿ ಬೀಸುತ್ತಿದ್ದರೂ ಕೋಣೆಯೊಳಗೆ ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತಿರುವುದಕ್ಕೆ ಇದೇ ಕಾರಣ.

ನಮ್ಮ ಭಾಗದ ಹಳೆಯ ಮಣ್ಣಿನ ಮಾಳಿಗೆಯ ಮನೆಗಳನ್ನು ಕಟ್ಟಿದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ತೊಲೆ, ಜಂತಿಗಳ ಮೇಲೆ ದಪ್ಪನಾಗಿ ಮಣ್ಣು ಹಾಸಿ, ಬೆಳಕಿಗೂ ಬಿಸಿಗಾಳಿ ಹೊರಹೋಗುವುದಕ್ಕೂ ಬೆಳಕಿಂಡಿಗಳನ್ನು ಬಿಟ್ಟು, ಗೋಡೆಗಳನ್ನು ಎರಡು ಅಡಿಗೂ ಹೆಚ್ಚು ದಪ್ಪ ಕಟ್ಟುತ್ತಿದ್ದರು. ಆ ಮಣ್ಣಿನ ಪದರವನ್ನು ದಾಟಿ ಮಧ್ಯಾಹ್ನದ ಬಿಸಿ ಒಳಗೆ ಬರುವಷ್ಟರಲ್ಲಿ ರಾತ್ರಿಯಾಗಿ ಹೊರಗೆ ತಂಪು ಹಿಡಿದಿರುತ್ತಿತ್ತು. ಅಂಥ ಮನೆಗಳನ್ನು ಕೆಡವಿ ಸ್ಲ್ಯಾಬ್ ಹಾಕಿಸಿದ್ದಕ್ಕೆ ಸೋರುವ ಕಾಟ, ಪ್ರತಿ ಮಳೆಗಾಲಕ್ಕೂ ಮೊದಲು ಮಣ್ಣು ಹಾಕಿಸುವ ದುಡಿಮೆ ಎಂಬ ನ್ಯಾಯವಾದ ಕಾರಣಗಳಿದ್ದವು. ಆದರೆ ಮಣ್ಣು ಮಾಡುತ್ತಿದ್ದ ಕೆಲಸವನ್ನು ಬೇರೆ ಯಾವುದಕ್ಕಾದರೂ ವಹಿಸಬೇಕಿತ್ತು, ಹೆಚ್ಚಿನವರು ವಹಿಸಲಿಲ್ಲ.

ಅತಿ ಕಡಿಮೆ ಖರ್ಚಿನ ದಾರಿ ಸುಣ್ಣ. ಹೊಸದಾಗಿ ಬಳಿದ ಬಿಳಿ ಸುಣ್ಣ ಬಿಸಿಲಿನ ಬಹುಪಾಲನ್ನು ಹಿಂದಕ್ಕೆ ಕಳಿಸುತ್ತದೆ. ಬರಿ ಸಿಮೆಂಟು ಬಹುಪಾಲನ್ನು ಹೀರಿಕೊಳ್ಳುತ್ತದೆ. ಮಾಳಿಗೆಯನ್ನು ಗುಡಿಸಿ, ತೊಳೆದು, ಒಣಗಿಸಿ, ಚೆನ್ನಾಗಿ ನೆನೆಸಿ ಸೋಸಿದ ಸುಣ್ಣಕ್ಕೆ ಸ್ವಲ್ಪ ಫೆವಿಕಾಲ್ ಬೆರೆಸಿ, ಒಂದರ ಮೇಲೊಂದು ಎರಡು ಕೈ ಹೊಡೆದರೆ ಆ ಬೇಸಿಗೆಗೆ ಸಾಕು. ಶಿವರಾತ್ರಿಯ ಆಸುಪಾಸಿನಲ್ಲೇ ಇದನ್ನು ಮುಗಿಸುವುದು ಒಳ್ಳೆಯದು, ಏಕೆಂದರೆ ಏಪ್ರಿಲ್ ಬಿಸಿಲಿನಲ್ಲಿ ಮಾಳಿಗೆಯ ಮೇಲೆ ನಿಂತು ಬಳಿಯುವವರ ಕಷ್ಟ ನೋಡಲಾಗುವುದಿಲ್ಲ. ಧೂಳು ಕೂತಷ್ಟೂ ಬಿಳುಪು ಕುಂದುವುದರಿಂದ ನಡುವೆ ಆಗಾಗ ಗುಡಿಸಬೇಕು. ಮಳೆಗೆ ತೊಳೆದುಹೋಗುವುದರಿಂದ ಪ್ರತಿವರ್ಷ ಬಳಿಯಬೇಕು. ಬಾಡಿಗೆದಾರರು ಮಾಲೀಕರ ಒಪ್ಪಿಗೆ ಕೇಳಲು ಸಂಕೋಚಪಡುವುದನ್ನು ಕಂಡಿದ್ದೇನೆ, ಆದರೆ ತಾವು ಖರ್ಚು ಮಾಡದೆ ಮನೆ ತಂಪಾಗುವುದಾದರೆ ಬೇಡವೆನ್ನುವ ಮಾಲೀಕರು ಅಪರೂಪ.

ಹೊಸದಾಗಿ ಕಟ್ಟಿಸುವವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಶಾಖವನ್ನು ತಡೆಯುವುದು ಒಳಗೆ ಸಿಕ್ಕಿಬಿದ್ದ, ಕದಲದ ಗಾಳಿ. ಥರ್ಮೋಕೋಲ್ ಹಲಗೆಯಾಗಲಿ, ಪೊಳ್ಳು ಇಟ್ಟಿಗೆಯಾಗಲಿ ಕೆಲಸ ಮಾಡುವುದು ಈ ಬಲದಿಂದಲೇ. ಇವನ್ನು ಸ್ಲ್ಯಾಬಿನ ಮೇಲೆ ಹಾಸಿ, ಅದರ ಮೇಲೆ ನೀರು ಇಳಿಯದ ಹಾಗೆ ಗಚ್ಚು ಮಾಡಿಸಿದರೆ ಸ್ಲ್ಯಾಬ್ ಕಾಯುವುದೇ ಕಡಿಮೆಯಾಗುತ್ತದೆ. ಒಳಗೆ ಪಿಒಪಿ ಸೀಲಿಂಗ್ ಮಾಡಿಸುವುದರಿಂದ ಸ್ವಲ್ಪ ಉಪಯೋಗವಿದ್ದರೂ ಸ್ಲ್ಯಾಬ್ ಅಷ್ಟೇ ಕಾದಿರುತ್ತದೆ. ಶಹಾಬಾದ್ ಪರಸಿ (ಕಲ್ಲಿನ ಚಪ್ಪಡಿ) ಹಾಸಿದರೆ ತಂಪೆಂಬ ನಂಬಿಕೆ ನೆಲದ ಮಟ್ಟಿಗೆ ನಿಜ; ಮಾಳಿಗೆಯ ಮೇಲೆ ಬರಿ ಪರಸಿ ಶಾಖ ತಡೆಯುವುದಿಲ್ಲ.

ಇಷ್ಟಾದ ಮೇಲೆ ಬೆಳಗಿನ ಒಂಬತ್ತಕ್ಕೆಲ್ಲ ಕಿಟಕಿ ಮುಚ್ಚಿ, ಹೊತ್ತಿಳಿದ ಮೇಲೆ ತೆರೆದು, ಒಣಹವೆಯ ಈ ತಿಂಗಳುಗಳಲ್ಲಿ ಒಂದು ಕೂಲರ್ ಇಟ್ಟುಕೊಂಡರೆ ದಿನ ಕಳೆಯುತ್ತದೆ. ಕೂಲರ್ ಓಡುವಾಗ ಮಾತ್ರ ಎದುರಿನ ಒಂದು ಕಿಟಕಿ ತೆರೆದಿರಬೇಕು, ಇಲ್ಲವಾದರೆ ತೇವ ಒಳಗೇ ನಿಂತು ಬೆವರು ಆರುವುದಿಲ್ಲ. ಒಂದೂವರೆ ಟನ್ನಿನ ಹಳೆಯ ಎಸಿ ಗಂಟೆಗೆ ಒಂದೂವರೆ ಯೂನಿಟ್ಟಿನಷ್ಟು ಎಳೆಯುತ್ತದೆಂದು ಹಿಡಿದರೂ, ದಿನಕ್ಕೆ ಆರು ಗಂಟೆಯಂತೆ ತಿಂಗಳಿಗೆ 270 ಯೂನಿಟ್ ಆಯಿತು. 2023ರಲ್ಲಿ ಜಾರಿಗೆ ಬಂದ, ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದವರು ಪೂರ್ತಿ ಬಿಲ್ ಕಟ್ಟಬೇಕಾಗುವುದರಿಂದ, ಸಾಧಾರಣ ಕುಟುಂಬಕ್ಕೆ ಎಸಿಯ ನಿಜವಾದ ಬೆಲೆ ಅಂಗಡಿಯಲ್ಲಿ ಹೇಳುವ ಬೆಲೆಗಿಂತ ಬಹಳ ಹೆಚ್ಚು.

ಇನ್ನು ಅಡುಗೆಮನೆ. ಉರಿಯುತ್ತಿರುವ ಒಂದು ದೊಡ್ಡ ಬರ್ನರು ಸುಮಾರು ಎರಡು ಕಿಲೋವ್ಯಾಟಿನ ರೂಮ್ ಹೀಟರಿಗೆ ಸಮ. ಆ ಗ್ಯಾಸಿನ ಬಿಸಿಯೆಲ್ಲ ಪಾತ್ರೆಯ ಮೂಲಕವೋ ಪಕ್ಕದಿಂದಲೋ ಕೊನೆಗೆ ಮನೆಯ ಗಾಳಿಗೇ ಸೇರುತ್ತದೆ. ಮಾಳಿಗೆಗೆ ಸುಣ್ಣ ಬಳಿದು ತಡೆದ ಬಿಸಿಯನ್ನು ಹನ್ನೆರಡು ಗಂಟೆಗೆ ಒಲೆ ಹಚ್ಚಿ ಮತ್ತೆ ಒಳಗೆ ತುಂಬಿಕೊಳ್ಳುವುದರಲ್ಲಿ ಅರ್ಥವಿಲ್ಲ. ಆದ್ದರಿಂದ ಬೇಸಿಗೆಯಲ್ಲಿ ನಮ್ಮ ಮನೆಯ ಒಲೆ ಬೆಳಗಿನ ಎಂಟರೊಳಗೆ ಆರುತ್ತದೆ, ಮತ್ತೆ ಹಚ್ಚುವುದು ಸಂಜೆ ಕಿಟಕಿ ತೆರೆದ ಮೇಲೆ.

ಈ ಪದ್ಧತಿಗೆ ಹೇಳಿ ಮಾಡಿಸಿದಂಥ ಊಟ ಈ ನೆಲದಲ್ಲೇ ಇದೆ. ಖಡಕ್ ರೊಟ್ಟಿಯನ್ನು ತಂಪಿನ ದಿನಗಳಲ್ಲಿ ಬಡಿದು, ಬೇಯಿಸಿ, ಚೆನ್ನಾಗಿ ಒಣಗಿಸಿ ಅಡಕಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ, ಉಣ್ಣುವ ಹೊತ್ತಿಗೆ ಒಲೆಯೂ ಬೇಕಿಲ್ಲ. ಅದರ ಜೊತೆಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ ಅಥವಾ ಗುರೆಳ್ಳು ಹಿಂಡಿ (ಹಿಂಡಿ ಎಂದರೆ ನಮ್ಮಲ್ಲಿ ಚಟ್ನಿಪುಡಿ), ಮೊಸರು, ಹಸಿ ಉಳ್ಳಾಗಡ್ಡಿ, ಸೌತೆಕಾಯಿ ಇದ್ದರೆ ಅದು ಬಡತನದ ಊಟವೆಂದು ಯಾರೂ ಭಾವಿಸಬೇಕಿಲ್ಲ; ಜೋಳ, ಎಣ್ಣೆಕಾಳು, ಮೊಸರು ಸೇರಿ ಹೊಟ್ಟೆ ತುಂಬುವ, ಸಂಜೆಯವರೆಗೆ ಹಸಿವು ತಡೆಯುವ ಪೂರ್ತಿ ಊಟವದು. ಅಂಬಲಿಗೆ ರಾತ್ರಿಯೇ ಜೋಳದ ಹಿಟ್ಟನ್ನು ಮಜ್ಜಿಗೆ ನೀರಿನಲ್ಲಿ ಕಲಸಿಟ್ಟು, ಬೆಳಿಗ್ಗೆ ಕುದಿಸಿ ಆರಿಸಿ, ಇನ್ನಷ್ಟು ಮಜ್ಜಿಗೆ, ಉಪ್ಪು, ಜೀರಿಗೆ ಬೆರೆಸಿ ಮಡಕೆಯಲ್ಲಿಟ್ಟರೆ ಬಿಸಿಲಿನಿಂದ ಬಂದವರಿಗೆ ನೀರು, ಉಪ್ಪು, ಅನ್ನ ಮೂರೂ ಒಂದೇ ಲೋಟದಲ್ಲಿ ಸಿಗುತ್ತವೆ.

ಜೋಳದ ನುಚ್ಚಿಗೆ ನಾನು ಅನುಸರಿಸುವ ಕ್ರಮ ಮಾಳಿಗೆಯ ಲೆಕ್ಕಾಚಾರದಿಂದಲೇ ಬಂದದ್ದು. ತೊಳೆದು ನೆನೆಸಿದ ನುಚ್ಚನ್ನು ಹತ್ತು ನಿಮಿಷ ಚೆನ್ನಾಗಿ ಕುದಿಸಿ, ಮುಚ್ಚಳ ಬಿಗಿಯಾಗಿ ಹಾಕಿ, ಒಲೆಯಿಂದ ದೂರ ಒಯ್ದು ಬುಟ್ಟಿಯೊಳಗೆ ಇಳಿಸಿ ಹಳೆಯ ಕೌದಿಯಿಂದ ಸುತ್ತಲೂ ಮೇಲೂ ಮುಚ್ಚುತ್ತೇನೆ. ಕೌದಿಯ ಹಲವು ಪದರಗಳ ನಡುವೆ ನಿಂತ ಗಾಳಿ ಬಿಸಿಯನ್ನು ಹೊರಗೆ ಬಿಡದಿರುವುದರಿಂದ ಒಂದೂವರೆ ಗಂಟೆಯಲ್ಲಿ ನುಚ್ಚು ತನ್ನ ಬಿಸಿಗೇ ಅರಳಿ ಬೇಯುತ್ತದೆ. ಗ್ಯಾಸೂ ಉಳಿಯಿತು, ಅಡುಗೆಮನೆಯೂ ಕಾಯಲಿಲ್ಲ. ಆದರೆ ಪಾತ್ರೆ ತುಂಬ ಮಾಡಿದಾಗಲೇ ಇದು ಸಾಧ್ಯ, ಸ್ವಲ್ಪವೇ ಇದ್ದರೆ ಬೇಗ ಆರುತ್ತದೆ. ತೆಗೆದ ಕೂಡಲೇ ಉಣ್ಣಬೇಕು; ಉಗುರುಬೆಚ್ಚಗೆ ಬಿಟ್ಟರೆ ಈ ಹವೆಯಲ್ಲಿ ಬೇಗ ಹಳಸುತ್ತದೆ. ತೊಗರಿ ಬೇಳೆಯನ್ನು ಮಾತ್ರ ನೆನೆಸಿಟ್ಟು ಕುಕ್ಕರಿನಲ್ಲೇ ಬೇಯಿಸುತ್ತೇನೆ, ಆದರೆ ಒಂದೇ ಬಾರಿಗೆ, ಬೆಳಿಗ್ಗೆಯೇ.

ಇಷ್ಟನ್ನೂ ಹೇಳಿದ ಮೇಲೆ ತಗಡಿನ ಮನೆಗಳಲ್ಲಿ ಇರುವವರ ಮಾತು ಬಿಟ್ಟರೆ ನನ್ನ ಉತ್ತರ ಅರ್ಧವೇ ಆಗುತ್ತದೆ. ತೆಳುವಾದ ತಗಡು ಬಿಸಿಲು ಬಿದ್ದ ಕೆಲವೇ ನಿಮಿಷಗಳಲ್ಲಿ ಕಾದು ಕೆಳಗಿದ್ದವರ ತಲೆ ಸುಡುತ್ತದೆ. ಹೊರಮೈಗೆ ಬಿಳಿ ಬಣ್ಣ, ಒಳಗೆ ಒಂದು ಗೇಣು ಜಾಗ ಬಿಟ್ಟು ಬಿದಿರಿನ ತಟ್ಟಿ ಕಟ್ಟಿದರೆ ಅಲ್ಲಿಯೂ ಗಮನಕ್ಕೆ ಬರುವಷ್ಟು ವ್ಯತ್ಯಾಸವಾಗುತ್ತದೆ, ಆದರೆ ದಿನಗೂಲಿಯವರಿಗೆ ಆ ಸಣ್ಣ ಖರ್ಚೂ ದೊಡ್ಡದು. ನೆರೆಯ ತೆಲಂಗಾಣ 2023ರಲ್ಲೇ ತಂಪು ಮಾಳಿಗೆಗಳಿಗಾಗಿ ಪ್ರತ್ಯೇಕ ನೀತಿಯನ್ನು ಪ್ರಕಟಿಸಿತು. ಅದೇ ಬಿಸಿಲಿನಲ್ಲಿ ಬೇಯುವ ಕಲಬುರಗಿ, ರಾಯಚೂರು, ಯಾದಗಿರಿ ಜಿಲ್ಲೆಗಳ ಇಂಥ ಮನೆಗಳಿಗೆ ಫೆಬ್ರುವರಿಯಲ್ಲೇ ಬಿಳಿ ಬಣ್ಣ ಬಳಿಸುವ ಕೆಲಸವನ್ನು ಪಾಲಿಕೆಗಳೂ ಪಂಚಾಯಿತಿಗಳೂ ತಮ್ಮ ಬಜೆಟ್ಟಿನಲ್ಲಿ ಸೇರಿಸಬೇಕೆಂಬುದು ನನ್ನ ಬೇಡಿಕೆ.